ನಿನ್ನೆ ರಾತ್ರಿಯ ಅನ್ನ, ಚಾಮುಂಡಿ ಎಕ್ಸ್‌ಪ್ರೆಸ್ ಮತ್ತು ಪಕ್ಕದ ಸೀಟಿನವರು

ಹೋದ ಸಲ ಬರೆದಾಗ ಚಿತ್ರಾನ್ನದ ಹತ್ತಿರವೇ ನಿಂತಿದ್ದೆ. ಈಗ ಸ್ವಲ್ಪ ಮುಂದೆ ಹೋಗಿದ್ದೇನೆ.

ಹೊಸದಾಗಿ ಓದುವವರಿಗೆ ಒಂದು ಮಾತು. ರಾತ್ರಿ ಉಳಿದದ್ದರಿಂದಲೇ ಬೆಳಗಿನ ತಿಂಡಿ ಮಾಡಬೇಕು. ಅದನ್ನು ಡಬ್ಬಿಗೆ ಹಾಕಿಕೊಂಡು ಮೈಸೂರಿನಿಂದ ಬೆಂಗಳೂರಿಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಬೇಕು. ಪಕ್ಕದಲ್ಲಿ ಕೂತ ಗುರುತಿಲ್ಲದವರ ಹತ್ತಿರ ಆ ತಿಂಡಿಯ ನೆಪದಲ್ಲಿ ಮಾತು ತೆಗೆಯಬೇಕು. ಅವರು ಹೇಳಿಕೊಟ್ಟದ್ದನ್ನು ಮನೆಗೆ ಬಂದು ಮಾಡಿ ನೋಡಬೇಕು. ಇಷ್ಟೇ ಪ್ರಾಜೆಕ್ಟ್. ಸುಮಾರು 140 ಕಿಲೋಮೀಟರ್ ದಾರಿ, ಪಾಸಿನವರೇ ಜಾಸ್ತಿ, ಎಷ್ಟೋ ಜನ ಡಬ್ಬಿ ಬಿಚ್ಚುವುದೇ ರೈಲಿನಲ್ಲಿ. ಇದಕ್ಕಿಂತ ಒಳ್ಳೆ ಜಾಗ ಎಲ್ಲಿದೆ ಹೇಳಿ.

ಮೊದಲು ಮಾತಿನ ವಿಷಯ. "ತಿಂಡಿ ಆಯ್ತಾ?" ಅಂತ ಶುರು ಮಾಡುವುದನ್ನು ಬಿಟ್ಟೆ. "ಹ್ಞೂಂ, ಆಯ್ತು" ಅಂದರೆ ಅಲ್ಲಿಗೆ ಮುಗೀತು. "ಯಾವೂರು?" ಅನ್ನೋದೂ ಬೇಡ. ಊರಿನಿಂದ ಕೆಲಸ, ಕೆಲಸದಿಂದ ಸಂಬಳ, ಆಮೇಲೆ "ನೀವು ಯಾವ ಜನ?" ಅನ್ನುವಲ್ಲಿಗೆ ಹೋಗಿ ನಿಲ್ಲುತ್ತದೆ. ಈಗ ಡಬ್ಬಿ ತೆಗೆದು, "ನಿನ್ನೆ ಇಡ್ಲಿ ಉಳಿದಿತ್ತು, ಪುಡಿ ಮಾಡಿ ಒಗ್ಗರಣೆ ಕೊಟ್ಟಿದ್ದೀನಿ" ಅನ್ನುತ್ತೇನೆ, ಅಷ್ಟೇ. ಕೊಟ್ಟರೆ ತಿನ್ನುವವರು ಕಮ್ಮಿ. ಗುರುತಿಲ್ಲದವರ ಕೈಯಿಂದ ರೈಲಿನಲ್ಲಿ ಯಾರು ತಿಂತಾರೆ, ಅದೂ ಸರಿಯೇ. ಆದರೆ ತಿದ್ದದೆ ಸುಮ್ಮನಿರುವವರು ಇನ್ನೂ ಕಮ್ಮಿ! "ಫ್ರಿಜ್ಜಲ್ಲಿಟ್ಟು ಗಟ್ಟಿಯಾದ ಮೇಲೆ ಪುಡಿ ಮಾಡಿದ್ರಾ? ಮೆತ್ತಗಿರುವಾಗ ಮಾಡಿದ್ರೆ ಮುದ್ದೆಯಾಗುತ್ತೆ" ಅಂತ ಒಬ್ಬರು. "ಕೊನೆಗೆ ನಿಂಬೆಹಣ್ಣು ಹಿಂಡಿಲ್ವಾ?" ಅಂತ ಎದುರಿನವರು. ನೀವು ಹೇಗೆ ಮಾಡ್ತೀರಿ ಅಂತ ಕೇಳಿದರೆ "ಏನೋ ಒಂದು ಮಾಡ್ತೀವಿ" ಅನ್ನುವ ಜನ, ಬೇರೆಯವರು ಮಾಡಿದ್ದು ಕಂಡ ತಕ್ಷಣ ಪಾಠ ಶುರು ಮಾಡುತ್ತಾರೆ. ನನಗೆ ಬೇಕಾದದ್ದೂ ಅದೇ.

ಕಿವಿಗೆ ಇಯರ್‌ಫೋನ್ ಹಾಕಿಕೊಂಡವರನ್ನು ತಟ್ಟಿ ಮಾತಾಡಿಸುವುದಿಲ್ಲ. ಒಬ್ಬರೇ ಕೂತ ಹೆಣ್ಣುಮಕ್ಕಳನ್ನೂ ನಾನಾಗಿ ಮಾತಾಡಿಸಲ್ಲ. ಅವರಾಗಿ ಕೇಳಿದರೆ ಸರಿ.

ಅಡುಗೆ ಕಡೆ ಈ ಸಲದ ದೊಡ್ಡ ಲಾಭ ಅಂದರೆ ಅನ್ನದ ರೊಟ್ಟಿ. ಶಿವಮೊಗ್ಗ ಕಡೆಯ ದಂಪತಿ ಹೇಳಿಕೊಟ್ಟದ್ದು. ಹೆಂಡತಿ ಅಳತೆ ಹೇಳುತ್ತಿದ್ದರು, ಗಂಡ ನಡುನಡುವೆ "ಅಷ್ಟು ನೀರು ಬೇಡ ಮಾರಾಯ್ತಿ" ಅನ್ನುತ್ತಿದ್ದರು. ಒಂದು ಲೋಟ ಅನ್ನವನ್ನು ಅಗುಳು ಸಿಗದ ಹಾಗೆ ಕೈಯಲ್ಲೇ ಚೆನ್ನಾಗಿ ಕಿವುಚಬೇಕು. ಫ್ರಿಜ್ಜಿನಿಂದ ತೆಗೆದ ಅನ್ನವಾದರೆ ಮೊದಲು ಸ್ವಲ್ಪ ನೀರು ಚಿಮುಕಿಸಿ ಬಿಸಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಅಗುಳು ಒಡೆಯುವುದೇ ಇಲ್ಲ. ಆಮೇಲೆ ಹಿಡಿಸುವಷ್ಟು ಅಕ್ಕಿಹಿಟ್ಟು, ಹೆಚ್ಚುಕಮ್ಮಿ ಒಂದೂವರೆ ಲೋಟ. ಸಣ್ಣಗೆ ಹೆಚ್ಚಿದ ಈರುಳ್ಳಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು. ಬಾಳೆ ಎಲೆ ಮೇಲೆ ತೆಳ್ಳಗೆ ತಟ್ಟಿ, ಎಲೆ ಸಮೇತ ಕಾವಲಿಗೆ ಕವುಚಬೇಕು. ಸ್ವಲ್ಪ ಹೊತ್ತಿಗೆ ಎಲೆ ಬಾಡಿ ತಾನೇ ಬಿಟ್ಟುಕೊಳ್ಳುತ್ತದೆ. ಬರೀ ಹಿಟ್ಟಿನ ರೊಟ್ಟಿ ಮಂಡ್ಯ ಬರುವಷ್ಟರಲ್ಲಿ ಚಪ್ಪಲಿ ಅಟ್ಟೆ ಆಗಿರುತ್ತಿತ್ತು. ಇದು ರಾಮನಗರ ದಾಟಿದರೂ ಮೆತ್ತಗೇ ಇತ್ತು.

ಎರಡನೆಯದು ತಂಗಳು ಮುದ್ದೆ. ಮಂಡ್ಯದಲ್ಲಿ ಹತ್ತಿದ ಅಜ್ಜಿಯೊಬ್ಬರು ನನ್ನ ಡಬ್ಬಿ ನೋಡಿ, "ಮುದ್ದೆ ಮಿಕ್ಕಿದ್ರೆ ಏನ್ ಮಾಡ್ತೀಯ ಮಗ?" ಅಂದರು. ಬಿಸಾಕ್ತೀವಿ ಅನ್ನಲು ಧೈರ್ಯ ಬರಲಿಲ್ಲ. "ರಾತ್ರಿನೇ ನೀರ್ಗೆ ಹಾಕ್ಬುಟ್ಟು ಮಡಗು. ಬೆಳಿಗ್ಗೆ ಕಿವುಚಿ, ಮಜ್ಜಿಗೆ, ಉಪ್ಪು, ಈರುಳ್ಳಿ. ಮಧ್ಯಾಹ್ನದ್ವರ್ಗೂ ಹಸಿವಾಗಕ್ಕಿಲ್ಲ ಕಣ್ಲಾ." ಮಾಡಿದೆ. ಹೊಟ್ಟೆ ತಂಪು ಅನ್ನೋದು ನಿಜ. ಆದರೆ ರೈಲಿಗೆ ಇದು ಆಗಿಬರಲ್ಲ, ಮುಚ್ಚಳ ಎಷ್ಟೇ ಬಿಗಿ ಮಾಡಿದರೂ ಚೀಲ ಒದ್ದೆ. ಮನೆಯಲ್ಲೇ ಕುಡಿದು ಹೊರಡುತ್ತೇನೆ.

ಎಲ್ಲರೂ ಹೀಗೆ ಸಲೀಸಾಗಿ ಮಾತಾಡುವುದಿಲ್ಲ. ತಂಗಳು ಅಂದರೆ ಬಡತನದ ಊಟ ಅನ್ನೋ ಮುಜುಗರ ಕೆಲವರಿಗೆ, ಮಡಿ ಮೈಲಿಗೆ ಕೆಲವರಿಗೆ. ಶ್ರೀರಂಗಪಟ್ಟಣದ ಹತ್ತಿರ "ನಮ್ಮನೇಲಿ ತಂಗಳು ಮುಟ್ಟಲ್ಲ" ಅಂದ ಹಿರಿಯರೊಬ್ಬರು ಪಾಂಡವಪುರ ದಾಟಿದ ಮೇಲೆ ತಾವಾಗಿಯೇ ಮಾತು ಮುಂದುವರಿಸಿದರು. ಅವರಮ್ಮ ರಾತ್ರಿಯ ಅನ್ನಕ್ಕೆ ಉಗುರು ಬೆಚ್ಚಗಿನ ಹಾಲು ಸುರಿದು, ಒಂದು ಚಮಚ ಮೊಸರು ಹಾಕಿ ಹೆಪ್ಪಿಡುತ್ತಿದ್ದರಂತೆ. ಉಪ್ಪು ಬೆಳಿಗ್ಗೆಯೇ ಹಾಕಬೇಕು. ಮೇಲೆ ಸಾಸಿವೆ, ಶುಂಠಿ, ಹಸಿಮೆಣಸಿನಕಾಯಿ ಒಗ್ಗರಣೆ. "ಅದು ತಂಗಳಲ್ಲ, ಮೊಸರನ್ನ" ಅಂದರು ಗಂಭೀರವಾಗಿ. ಆಯ್ತು ಸರ್, ಮೊಸರನ್ನವೇ.

ಒಂದು ಎಚ್ಚರಿಕೆ. ಕೆಟ್ಟ ಅನ್ನಕ್ಕೆ ಚೆನ್ನಾಗಿ ಒಗ್ಗರಣೆ ಕೊಟ್ಟರೆ ಸರಿಹೋಗುತ್ತೆ ಅಂತ ರೈಲಿನಲ್ಲಿ ತುಂಬಾ ಜನ ಹೇಳುತ್ತಾರೆ. ನಂಬಬೇಡಿ. ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೆಂದರೂ ಉಳಿದುಕೊಳ್ಳುತ್ತವೆ. ಅನ್ನ ಹೊರಗೇ ಇದ್ದರೆ ಅವು ಬೆಳೆದು ವಿಷ ಬಿಡುತ್ತವೆ, ವಾಂತಿ ಮಾಡಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಚಿತ್ರಾನ್ನಕ್ಕೆ, ರೊಟ್ಟಿಗೆ ಅಂತ ಎತ್ತಿಡುವ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸುತ್ತೇನೆ. ಚಿತ್ರಾನ್ನಕ್ಕೆ ಇದರಿಂದ ಇನ್ನೊಂದು ಲಾಭ: ತಣ್ಣಗಾದಾಗ ಅಗುಳು ಬಿಗಿಯಾಗುತ್ತದೆ, ಕಲಸುವಾಗ ಉದುರುದುರಾಗಿ ಬರುತ್ತದೆ.

ಚಪಾತಿ ಒಗ್ಗರಣೆ ಮಾಡಿದೆ, ಪರವಾಗಿಲ್ಲ. ಹುಳಿ ಬಂದ ದೋಸೆ ಹಿಟ್ಟಿನ ಪಡ್ಡು ಬಗ್ಗೆ ಹೊಸದಾಗಿ ಹೇಳುವಂಥದ್ದೇನಿಲ್ಲ.

ಮುಂದಿನದು ಜೋಳದ ರೊಟ್ಟಿ. ಧಾರವಾಡದ ಹುಡುಗನೊಬ್ಬ ಹೇಳಿದ್ದು: "ಕಟಕ್ ರೊಟ್ಟಿ ಮುರದು ಮಜ್ಜಿಗಿಯೊಳಗ ನೆನಿ ಹಾಕ್ರಿ, ಮ್ಯಾಲ ಬಳ್ಳೊಳ್ಳಿ ಒಗ್ಗರಣಿ ಕೊಡ್ರಿ." ನಮ್ಮನೆಯಲ್ಲಿ ಜೋಳದ ರೊಟ್ಟಿ ಮಾಡುವುದೇ ಇಲ್ಲ, ಇನ್ನು ಉಳಿಯುವುದೆಲ್ಲಿಂದ? ಊರಿಗೆ ಹೋದಾಗ ಒಂದು ಕಟ್ಟು ತರುತ್ತೇನೆ ಅಂದಿದ್ದಾನೆ. ಬದಲಿಗೆ ಅವನಿಗೆ ಅನ್ನದ ರೊಟ್ಟಿ ಬೇಕಂತೆ, ಸಬ್ಬಸಿಗೆ ಸೊಪ್ಪು ಹಾಕದೆ.