ಮೂವತ್ತು ಮಾರ್ಕ್ಸಿನ ಸಾಲ

ನಮ್ಮ ಲೆಕ್ಕದ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು ಅಂತ ಗೆಳೆಯ ಫೋನ್ ಮಾಡಿದ. ಅವತ್ತಿಡೀ ಕಣ್ಣ ಮುಂದೆ ಇದ್ದದ್ದು ಅವರ ಜೇಬಿನ ಪುಟ್ಟ ನೋಟ್‌ಬುಕ್ಕು, ಒಂದು ಹಿಡಿ ಹುಣಸೆ ಬೀಜ.

1978. ಎಂಟನೇ ಕ್ಲಾಸು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಲೆಕ್ಕಕ್ಕೆ 50ಕ್ಕೆ 11 ಬಂದಿತ್ತು. ಅಪ್ಪನ ಸಹಿ ಬೇಕು. ಕೆಂಪು ರೀಫಿಲ್ ತಂದು ಮೊದಲ ಒಂದಕ್ಕೆ ಎರಡು ಗೀಟು ಎಳೆದೆ. 41 ಆಯಿತು. ಅಪ್ಪ ಖುಷಿಯಿಂದ ಸಹಿ ಹಾಕಿದರು, ಅಮ್ಮ ಪಾಯಸ ಮಾಡಿದಳು. ಆ ಪಾಯಸ ಗಂಟಲಲ್ಲಿ ಇಳಿಯಲಿಲ್ಲ.

ಪೇಪರ್ ನೋಡಿದ ಕೂಡಲೇ ಮೇಷ್ಟ್ರಿಗೆ ಗೊತ್ತಾಯಿತು. ಹೊಡೆಯುತ್ತಾರೆ ಅಂತ ಕೈ ಚಾಚಿದೆ. ಹೊಡೆಯಲಿಲ್ಲ. ನೋಟ್‌ಬುಕ್ ತೆಗೆದು ನನ್ನ ಹೆಸರಿನ ಮುಂದೆ 'ಋಣ 30' ಅಂತ ಬರೆದರು. "ಈ ಮೂವತ್ತು ನಾನು ಕೊಟ್ಟ ಸಾಲ ಕಣೋ. ತೀರಿಸು."

ಆಮೇಲೆ ನನ್ನ ಹಳೆಯ ಪೇಪರುಗಳನ್ನೆಲ್ಲ ಹರಡಿಕೊಂಡು ಕೂತರು. ತಪ್ಪಾದ ಕಡೆಯೆಲ್ಲ ಸುತ್ತು ಹಾಕುತ್ತಾ ಹೋದರು. ಮುಕ್ಕಾಲು ಪಾಲು ತಪ್ಪು ಮೈನಸ್‌ನಲ್ಲೇ. "ನಿಂಗೆ ಲೆಕ್ಕ ಬರಲ್ಲ ಅಂತ ಯಾರೋ ಹೇಳಿದ್ದು? ನೀನು ಎಡವೋದು ಒಂದೇ ಕಲ್ಲಿಗೆ." ಅಲ್ಲಿವರೆಗೂ ನನ್ನನ್ನು ಎಲ್ಲರೂ ದಡ್ಡ ಅಂದಿದ್ದರು, ಅಷ್ಟೇ.

ಮಾರನೇ ದಿನ ಹುಣಸೆ ಬೀಜ ತಂದರು. ಚೌಕಾಬಾರಕ್ಕೆ ಉಜ್ಜುತ್ತೇವಲ್ಲ, ಹಾಗೆ ಒಂದು ಮಗ್ಗುಲು ಕಲ್ಲಿಗೆ ಉಜ್ಜಿದ್ದು. ಬಿಳಿ ಮೇಲಿದ್ದರೆ ಧನ, ಅಂದರೆ ಪ್ಲಸ್. ಕಂದು ಮೇಲಿದ್ದರೆ ಋಣ, ಅಂದರೆ ಮೈನಸ್. ಒಂದು ಬಿಳಿಗೆ ಒಂದು ಕಂದು ಸೇರಿದರೆ ಸೊನ್ನೆ. ಎರಡರಲ್ಲಿ ಮೈನಸ್ ಮೂರನ್ನು ಕಳೆಯಬೇಕು. ನನ್ನ ಮುಂದೆ ಎರಡು ಬಿಳಿ. "ಕಳೆಯೋಕೆ ಕಂದೇ ಇಲ್ಲವಲ್ಲ ಸಾ?" ಅಂದೆ. ಅವರು ಪಕ್ಕದಲ್ಲಿ ಮೂರು ಜೋಡಿ ಇಟ್ಟರು. "ಸೇರಿಸಿದ್ದು ಸೊನ್ನೆ ತಾನೇ? ಈಗ ಮೂರು ಕಂದು ತೆಗಿ." ತೆಗೆದೆ. ಐದು ಬಿಳಿ ಉಳಿದವು. ಮೈ ಜುಮ್ಮೆಂದಿತು.

ಋಣವನ್ನು ಋಣದಿಂದ ಗುಣಿಸಿದರೆ ಧನ ಅಂತ 9ನೇ ಶತಮಾನದಲ್ಲೇ, ನೃಪತುಂಗನ ಕಾಲದಲ್ಲಿ, ಗಣಿತಜ್ಞ ಮಹಾವೀರಾಚಾರ್ಯ ಬರೆದಿಟ್ಟಿದ್ದಾನೆ ಅಂತ ಅವರು ಹೆಮ್ಮೆಯಿಂದ ಹೇಳುತ್ತಿದ್ದರು.

ಮುಂದಿನ ಟೆಸ್ಟಿನಲ್ಲಿ 14. ಮನೆಯಲ್ಲಿ ಮತ್ತೆ ಫೇಲ್ ಅಂದರು. ಮೇಷ್ಟ್ರು ಮಾತ್ರ 30 ಹೊಡೆದು 27 ಅಂತ ಬರೆದು, ಬೆನ್ನು ತಟ್ಟಿದರು. ಆಮೇಲೆ 19, 22. ವಾರ್ಷಿಕ ಪರೀಕ್ಷೆಯಲ್ಲಿ 36. ಉಳಿದ ಐದು ಒಂಬತ್ತನೇ ಕ್ಲಾಸಿನಲ್ಲಿ ತೀರಿತು. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ 71 ತೆಗೆದೆ. ಆಮೇಲೆ ಬ್ಯಾಂಕಿನಲ್ಲಿ 34 ವರ್ಷ. ನಾನು ಕೂತ ಕೌಂಟರಿನಲ್ಲಿ ಒಂದು ಸಲವೂ ಕ್ಯಾಶ್ ಕಡಿಮೆ ಬರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆ.

ಮೊಮ್ಮಗಳು ಈಗ ಆರನೇ ಕ್ಲಾಸು. ಪೇರೆಂಟ್ಸ್ ಮೀಟಿಂಗ್‌ನಲ್ಲಿ "ಮ್ಯಾಥ್ಸ್ ವೀಕ್, ಟ್ಯೂಷನ್‌ಗೆ ಹಾಕಿ" ಅಂದರಂತೆ. ಯಾವುದರಲ್ಲಿ ವೀಕು ಅಂತ ಕೇಳಿದರೆ ಉತ್ತರವಿಲ್ಲ. ಮಗುವಿನ ಪೇಪರನ್ನು ಒಂದು ಸಲ ಕೂತು ನೋಡುವಷ್ಟು ಹೊತ್ತೂ ಯಾರಿಗೂ ಇಲ್ಲ ಅಲ್ವಾ? ತುಂಬಾ ಬೇಜಾರಾಯಿತು.

ಮೊನ್ನೆ ಭಾನುವಾರ ಅಡುಗೆಮನೆಯಿಂದ ಹುಣಸೆ ಬೀಜ ಆರಿಸಿ ತಂದು, ಹಿತ್ತಲಿನ ಒಗೆಯೋ ಕಲ್ಲಿಗೆ ಇಬ್ಬರೂ ಉಜ್ಜಿದೆವು. ಎರಡರಲ್ಲಿ ಮೈನಸ್ ಮೂರು. ಜೋಡಿ ಇಡಲು ಕೈ ಚಾಚಿದೆ.

"ಸುಮ್ನಿರಿ ತಾತ, ನಾನೇ ಇಡ್ತೀನಿ" ಅಂದಳು.