ವಾಚನಾಲಯದ ಪುಟ: ಕ್ಲಾಸ್ಪ್ ಕಳಿಸಿತು, ಮೊಬೈಲ್ ಕೇಳಲಿಲ್ಲ

ಬಡಾವಣೆಯ ವಾಚನಾಲಯದ ಪುಟ ಕೊನೆಗೂ ಮೊಬೈಲ್‌ನಲ್ಲಿ ಓದುವ ಹಾಗೆ ಕಾಣುತ್ತಿದೆ. ಎರವಲು ಪುಸ್ತಕಗಳ ಗೂಗಲ್ ಶೀಟ್‌ಗೆ ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ (ಗೂಗಲ್‌ನ ಸೇವೆಗಳಿಗೆ ಪ್ರೋಗ್ರಾಂ ಬರೆಯುವ ಅದರದೇ ವೇದಿಕೆ) ವೆಬ್ ಆ್ಯಪ್ ಕಟ್ಟಿದ್ದು, ನನ್ನ ಕಂಪ್ಯೂಟರ್‌ನ ಕಡತಗಳನ್ನು ಅಲ್ಲಿಗೆ ಕಳಿಸುವ ಕ್ಲಾಸ್ಪ್ ಎಂಬ ಸಲಕರಣೆ ಹಾಕಿಕೊಂಡಿದ್ದು, ಅದಕ್ಕೆ ಗೂಗಲ್‌ನ ಬಾಗಿಲು ತೆರೆಯುವ ಎಪಿಐ ಚಾಲೂ ಮಾಡಿದ್ದು ಎಲ್ಲ ಮಾಮೂಲಿ ಕೆಲಸಗಳೇ. ಅವನ್ನು ಬಿಡುತ್ತೇನೆ.

ತಲೆ ತಿಂದದ್ದು ವಿನ್ಯಾಸದ ಕಡತ. ಆ್ಯಪ್ಸ್ ಸ್ಕ್ರಿಪ್ಟ್‌ಗೆ ಸಿಎಸ್‌ಎಸ್ (ಪುಟದ ಬಣ್ಣ, ಅಕ್ಷರದ ಗಾತ್ರ ಹೇಳುವ ನಿಯಮಗಳು) ಎಂಬ ಕಡತದ ಜಾತಿಯೇ ಗೊತ್ತಿಲ್ಲ. ಸ್ಕ್ರಿಪ್ಟ್, ಪುಟದ ಒಡಲಾದ ಎಚ್‌ಟಿಎಂಎಲ್, ಯೋಜನೆಯ ವಿವರ ಹೊತ್ತ ಒಂದು ಜೇಸನ್ ಮ್ಯಾನಿಫೆಸ್ಟ್, ಇಷ್ಟಕ್ಕೇ ಅಲ್ಲಿ ಪ್ರವೇಶ. ಹಾಗಾಗಿ ಇಡೀ ಸಿಎಸ್‌ಎಸ್ಸನ್ನು ಸ್ಟೈಲ್ ಟ್ಯಾಗ್‌ನೊಳಗೆ ತುಂಬಿ, ಎಚ್‌ಟಿಎಂಎಲ್ ವೇಷ ಹಾಕಿಸಿ ಕಳಿಸಬೇಕು. ಮುಖ್ಯ ಪುಟದ ಅಚ್ಚು, ಅಂದರೆ ಟೆಂಪ್ಲೇಟ್, ಅದನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಕಂಪ್ಯೂಟರ್‌ನಲ್ಲಿ ನೋಟೋ ಸಾನ್ಸ್ ಕನ್ನಡ ಫಾಂಟ್‌ನ ಅಕ್ಷರಗಳು ದುಂಡಗೆ ಕುಳಿತಿದ್ದವು. ಮೊಬೈಲ್ ತೆರೆದ ವಾಚನಾಲಯದ ಮೇಷ್ಟ್ರು ಮಾತ್ರ ಕನ್ನಡಕವನ್ನು ಹಣೆಗೇರಿಸಿ, "ಇದೇನಪ್ಪ, ಇರುವೆ ಹರಿದ ಹಾಗಿದೆ" ಎಂದರು.

ಕಡತ ತಲುಪಿಲ್ಲವೇನೋ ಎಂಬುದು ಮೊದಲ ಗುಮಾನಿ. ಎಕ್ಸೆಕ್ ಎಂದು ಮುಗಿಯುವ ವಿಳಾಸ ಹೊಸ ಆವೃತ್ತಿ ಡಿಪ್ಲಾಯ್ ಆಗುವ (ಬಳಕೆಗೆ ಬಿಡುಗಡೆಯಾಗುವ) ತನಕ ಹಳೆಯದನ್ನೇ ಬಡಿಸುತ್ತದೆ. ಪುಶ್ ಮಾಡಿದ್ದು, ಅಂದರೆ ಕ್ಲಾಸ್ಪ್ ಕಳಿಸಿದ್ದು, ಕೂಡಲೇ ಕಾಣುವುದು ಪರೀಕ್ಷೆಗೆಂದಿರುವ ಡೆವ್ ವಿಳಾಸದಲ್ಲಿ. ಅದನ್ನೇ ಮೊಬೈಲ್‌ನಲ್ಲಿ ತೆರೆದು, ಹಿನ್ನೆಲೆಗೆ ಅರಿಶಿನ ಬಣ್ಣ ಬಳಿದು ಪುಶ್ ಮಾಡಿದೆ. ಪರದೆ ಹಳದಿಯಾಯಿತು, ಅಕ್ಷರ ಮಾತ್ರ ಹಿಗ್ಗಲಿಲ್ಲ. 600 ಪಿಕ್ಸೆಲ್‌ಗಿಂತ ಕಿರಿದಾದ ಪರದೆಗೆಂದು ಬರೆದ ನಿಯಮಗಳಿಗೆ ಎಚ್ಚರವೇ ಇರಲಿಲ್ಲ.

ಬ್ರೌಸರ್ ಕಿಟಕಿಯ ಅಗಲವನ್ನು ಪುಟದ ತಲೆಯ ಮೇಲೆ ಮುದ್ರಿಸಿ ನೋಡಿದೆ: 980. ಅಂಗೈಯಗಲದ ಫೋನಿಗೆ ಎಂಥ ಜಂಬ! ಪರದೆಯಷ್ಟೇ ಅಗಲ ಹಿಡಿ ಎಂದು ಬ್ರೌಸರ್‌ಗೆ ಹೇಳುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಇಲ್ಲದ ಪುಟವನ್ನು 980 ಪಿಕ್ಸೆಲ್ ಅಗಲದ್ದೆಂದು ಹಿಡಿದು ಕುಗ್ಗಿಸಿ ತೋರಿಸುವುದು ಮೊಬೈಲ್ ಬ್ರೌಸರ್‌ಗಳ ಹಳೆಯ ರೂಢಿ. ಆದರೆ ಆ ಟ್ಯಾಗ್ ನನ್ನ ಕಡತದಲ್ಲಿ ಇತ್ತಲ್ಲ!

ಇತ್ತು, ಲೆಕ್ಕಕ್ಕಿರಲಿಲ್ಲ. ನಮ್ಮ ಪುಟವನ್ನು ಗೂಗಲ್ ತನ್ನ ಪುಟದೊಳಗಿನ ಐಫ್ರೇಮ್ ಎಂಬ ಒಳಚೌಕಟ್ಟಿನಲ್ಲಿ ಕೂರಿಸುತ್ತದೆ. ಬ್ರೌಸರ್ ಅಗಲ ವಿಚಾರಿಸುವುದು ಹೊರಗಿನ ಯಜಮಾನನನ್ನು. ಒಳಗಿನ ಬಾಡಿಗೆದಾರನ ಮೆಟಾ ಟ್ಯಾಗ್ ಅದಕ್ಕೆ ಬೇಕಿಲ್ಲ. ಹೊರಗಿನ ಪುಟಕ್ಕೆ ಟ್ಯಾಗ್ ಮುಟ್ಟಿಸಲು ಸರ್ವರ್ ಕಡೆ, ಪುಟ ಕೇಳಿದಾಗ ಓಡುವ ಡುಗೆಟ್ ಫಂಕ್ಷನ್‌ನಲ್ಲಿ ಆ್ಯಡ್‌ಮೆಟಾಟ್ಯಾಗ್ ಎಂಬ ಫಂಕ್ಷನ್ ಕರೆಯಬೇಕು. ಅದನ್ನೂ ಟೆಂಪ್ಲೇಟ್‌ಗೆ ಅಂಟಿಸಿದರೆ ಅಂಥ ಫಂಕ್ಷನ್ನೇ ಇಲ್ಲ ಎಂದು ಗದರುತ್ತದೆ. ಮೊದಲು ಟೆಂಪ್ಲೇಟನ್ನು ಪುಟವಾಗಿಸುವ ಇವ್ಯಾಲ್ಯುಯೇಟ್, ಅದರಿಂದ ಹೊರಬಂದ ಔಟ್‌ಪುಟ್‌ಗೆ ಮೆಟಾ ಟ್ಯಾಗ್. ಒಂದು ಸಾಲು, ಒಂದು ಪುಶ್, ಅಗಲ 360! ಕಡತ ಕಳಿಸುವ ಸಲಕರಣೆಯನ್ನು ಅಷ್ಟು ಹೊತ್ತು ಬೈದದ್ದು ವ್ಯರ್ಥ. ಪಾಪ, ಅದು ಕೊಟ್ಟದ್ದನ್ನು ಚಾಚೂ ತಪ್ಪದೆ ಒಯ್ದಿತ್ತು.

ಬೈಗುಳಕ್ಕೆ ಯೋಗ್ಯರು ಬೇರೆ ಇದ್ದಾರೆ. ಮುಂದಿನ ಯೋಜನೆ ಬಾರ್‌ಕೋಡ್. ವಾಚನಾಲಯದ ಹಳೆಯ ಪುಸ್ತಕಗಳಲ್ಲಿ ಹೆಚ್ಚಿನವಕ್ಕೆ ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತು ಸಂಖ್ಯೆ) ಇಲ್ಲ, ನಮ್ಮದೇ ಚೀಟಿ ಅಂಟಿಸಬೇಕು. ಶಾಯಿಯ ರಿಬ್ಬನ್ ಬೇಡದ, ಬಿಸಿಗೆ ತಾನೇ ಕಪ್ಪಾಗುವ ಡೈರೆಕ್ಟ್ ಥರ್ಮಲ್ ಚೀಟಿ ಸುರುಳಿ ಬೇಕೆಂದು ಅಂಗಡಿಯವರಿಗೆ ಬರೆದು ಕೊಟ್ಟಿದ್ದೆ. ಬಂದದ್ದು ರಿಬ್ಬನ್ ಬೇಕಾಗುವ ಸುರುಳಿ. ಪ್ರಿಂಟರ್ ಬಿಸಿಯಾಗಿ ಗುರುಗುಟ್ಟಿ ಬಿಳಿ ಚೀಟಿಗಳನ್ನು ಉಗುಳಿತು. ಫೋನ್ ಮಾಡಿದರೆ "ಎರಡೂ ಥರ್ಮಲ್ಲೇ ಸಾರ್" ಎಂಬ ಉತ್ತರ. ಬದಲಿ ಸುರುಳಿ ಇನ್ನೂ ದಾರಿಯಲ್ಲಿದೆಯಂತೆ. ಸ್ಕ್ಯಾನರ್‌ನ ಚಿಂತೆಯಿಲ್ಲ, ಕೀಬೋರ್ಡ್‌ನಂತೆ ಅಂಕಿ ಒತ್ತುತ್ತದೆ. ಎರವಲು ಫಾರಂನ ಮೊದಲ ಖಾನೆಯಲ್ಲಿ ಕರ್ಸರ್ ನಿಂತಿದ್ದರೆ ಸಾಕು.

ಅಷ್ಟರಲ್ಲಿ ಮೇಷ್ಟ್ರಿಗೆ ಪುಟದ ಮೇಲೆ ವಾಚನಾಲಯದ ಲಾಂಛನ ಬೇಕಂತೆ. ಚಿತ್ರ ಕಡತಗಳನ್ನು ಕ್ಲಾಸ್ಪ್ ಮುಟ್ಟುವುದಿಲ್ಲ. ಬೇಸ್64 ಮಾಡಿ, ಅಂದರೆ ಚಿತ್ರವನ್ನು ಅಕ್ಷರಗಳ ಸಾಲಾಗಿಸಿ, ಅದನ್ನೂ ಎಚ್‌ಟಿಎಂಎಲ್‌ನೊಳಗೆ ತುರುಕಿ ನೋಡುತ್ತೇನೆ.