ಹೊಟ್ಟು ಕೆದಕಿ ನೋಡಿದ ಮಧ್ಯಾಹ್ನ

ಗ್ಲೂಕೋಮೀಟರ್ 138 ತೋರಿಸಿತು. ಬೆನ್ನ ಮೇಲೆ ಪಿಕ್ರಿಕ್ ಆಸಿಡ್ಡಿನ ಹಳದಿ ಗೆರೆ ಎಳೆದಿದ್ದ ಇಲಿ ಅದು. ತೂಕ 396 ಗ್ರಾಂ. ಬೆಳಿಗ್ಗೆ ಆರಕ್ಕೇ ಪಂಜರದಿಂದ ಆಹಾರ ತೆಗೆದಿದ್ದೆ. ಇಲಿ ರಾತ್ರಿ ಹೊತ್ತು ತಿನ್ನುವ ಪ್ರಾಣಿ, ರಾತ್ರಿಯಿಡೀ ಉಪವಾಸ ಹಾಕಿದರೆ ಅದಕ್ಕೆ ವಿಪರೀತವಾಗುತ್ತೆ. ಅದಕ್ಕೇ ಹಗಲು ಆರು ಗಂಟೆಯಷ್ಟೇ ಉಪವಾಸ. ಅದೇ ಪಂಜರದ ಇನ್ನೊಂದು ಇಲಿಯದು 94 ಬಂದಿತ್ತು.

ತುಮಕೂರಿನ ಒಂದು ಫಾರ್ಮಸಿ ಕಾಲೇಜಿನಲ್ಲಿ ಎಂ.ಫಾರ್ಮ್ ಪ್ರಾಜೆಕ್ಟ್ ಮಾಡುತ್ತಿದ್ದ ದಿನಗಳು. ಎಥಿಕ್ಸ್ ಕಮಿಟಿ ಒಪ್ಪಿದ ಮೇಲೆ ಬಂದ ವಿಸ್ಟಾರ್ ತಳಿಯ 24 ಲ್ಯಾಬ್ ಇಲಿಗಳು, ಆರಾರರಂತೆ ನಾಲ್ಕು ಗುಂಪು. ಒಂದು ಗುಂಪಿಗೆ ಮಾಮೂಲಿ ಆಹಾರ. ಉಳಿದ ಮೂರಕ್ಕೆ ಆ ಆಹಾರವನ್ನೇ ಪುಡಿ ಮಾಡಿ, ವನಸ್ಪತಿ, ಕೊಬ್ಬರಿ ಎಣ್ಣೆ ಹಾಕಿ ಕಲಸಿ ಕಟ್ಟಿದ ಉಂಡೆ. ಆ ಮೂರರಲ್ಲಿ ಒಂದಕ್ಕೆ ಹೊನ್ನೆ ಚಕ್ಕೆಯ ಸಾರ, ಇನ್ನೊಂದಕ್ಕೆ ಶುಗರ್ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್. ಎಂಟು ವಾರ ಉಂಡೆ ಕಟ್ಟಿದ್ದೇನೆ. ಸಂಜೆ ಗುಬ್ಬಿ ಬಸ್ಸಿನಲ್ಲಿ ಕೂತರೆ ಕೈಯಿಂದ ವನಸ್ಪತಿ ವಾಸನೆ ಹೋಗಿರುತ್ತಿರಲಿಲ್ಲ.

138 ನೋಡಿದ ತಕ್ಷಣ ನನಗೆ ಹೊಳೆದದ್ದು ಒಂದೇ: ಇದು ಕದ್ದು ತಿಂದಿದೆ. ಪಂಜರದ ಭತ್ತದ ಹೊಟ್ಟನ್ನೆಲ್ಲ ಟ್ರೇಗೆ ಸುರಿದು ಬೆರಳಲ್ಲಿ ಕೆದಕಿದೆ. ಮೂಲೆಯಲ್ಲಿ ಉಂಡೆಯ ಚೂರು ಬಚ್ಚಿಟ್ಟಿರುತ್ತವೆ ಎಂದು ಕೇಳಿದ್ದೆ. ಹಿಕ್ಕೆ ಬಿಟ್ಟರೆ ಏನೂ ಇರಲಿಲ್ಲ. ಹಿಡಿದಾಗ ಗಾಬರಿಯಾದರೂ ಸಕ್ಕರೆ ಏರುತ್ತದಲ್ಲ, ಅದಕ್ಕೆ ಅರ್ಧ ಗಂಟೆ ಬಿಟ್ಟು, ಟವೆಲ್ಲಿನಲ್ಲಿ ಮೆತ್ತಗೆ ಸುತ್ತಿ, ಬಾಲವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಒರೆಸಿ, ಮೊದಲ ಹನಿ ಬಿಟ್ಟು ಎರಡನೆಯದನ್ನು ಸ್ಟ್ರಿಪ್ಪಿಗೆ ತಾಗಿಸಿದೆ. ಟವೆಲ್ಲಿನೊಳಗೆ ಅದರ ಎದೆ ನನ್ನ ಅಂಗೈಗೆ ಬಡಿಯುತ್ತಿತ್ತು. 136.

"ತಿಂದಿಲ್ಲ, ಅದರ ಲಿವರ್ ಸಕ್ಕರೆ ಬಿಡ್ತಾ ಇದೆ" ಅಂದರು ಗೈಡ್ ಮೇಡಂ. ಹೊಟ್ಟೆ ಖಾಲಿಯಿದ್ದಾಗ ಲಿವರ್ ರಕ್ತಕ್ಕೆ ಗ್ಲೂಕೋಸ್ ಬಿಡುವುದು ಸಹಜ. ಸಾಕು ಅಂತ ಹೇಳಬೇಕಾದದ್ದು ಇನ್ಸುಲಿನ್. ಆ ಮಾತನ್ನು ಲಿವರ್ ಕೇಳದಿದ್ದರೆ ಉಪವಾಸವಿದ್ದರೂ ಸಕ್ಕರೆ ಏರಿಯೇ ಇರುತ್ತೆ. ಇದನ್ನು ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿಲ್ಲ ನಾನು! ಆದರೂ ಆವತ್ತು ಟ್ರೇ ಮುಂದೆ ಕೈಯೆಲ್ಲ ಹೊಟ್ಟು ಮಾಡಿಕೊಂಡು ನಿಂತಾಗ ನೆನಪಾದದ್ದು ನಮ್ಮಮ್ಮ.

ಅಮ್ಮನಿಗೆ ಶುಗರ್ ಬಂದು ಏಳು ವರ್ಷ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 160 ಬಂದರೆ ಮನೆಯಲ್ಲಿ ಮೊದಲು ಬಾಯಿ ಮಾಡುತ್ತಿದ್ದವಳು ನಾನೇ. "ರಾತ್ರಿ ಏನು ತಿಂದೆ, ನಿಜ ಹೇಳಮ್ಮ." ಅವಳು, "ಏನೂ ಇಲ್ಲ ಕಣೇ, ಅರ್ಧ ಮುದ್ದೆ ಉಂಡು ಮಲಗಿದ್ದು" ಅನ್ನುತ್ತಿದ್ದಳು. ಒಂದು ಸಲ ಅಡುಗೆಮನೆಯ ಬೆಲ್ಲದ ಡಬ್ಬಿ ತೆಗೆದು ನೋಡಿದ್ದೇನೆ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಇಬ್ಬರೂ ಮಾತಾಡಲಿಲ್ಲ. ಚಿಕ್ಕಮ್ಮನೂ ಅದೇ ಮನೆಯಲ್ಲಿ ಅದೇ ಮುದ್ದೆ, ಅದೇ ಸಾರು ಉಂಡು ಬೆಳೆದವಳು, ಕಡ್ಡಿಯ ಹಾಗಿದ್ದಾಳೆ, ಶುಗರ್ರೂ ಇಲ್ಲ. ನೆಂಟರ ಬಾಯಲ್ಲಿ ಮಾತ್ರ ಅಮ್ಮ ಬಾಯಿ ಕಟ್ಟದವಳು.

ಒಂದೇ ತಳಿ, ಒಂದೇ ಉಂಡೆ, ಒಂದೇ ಪಂಜರ, ಆದರೂ 94 ಒಂದು, 138 ಇನ್ನೊಂದು. ಅಮೆರಿಕದ ಬಾರ್ ಹಾರ್ಬರ್‌ನ ಜಾಕ್ಸನ್ ಲ್ಯಾಬಿನಲ್ಲಿ 1949ರಲ್ಲಿ ಸಿಕ್ಕ ಆ ದಪ್ಪ ಇಲಿಯ ಕಥೆಯನ್ನು ಮೇಡಂ ಮತ್ತೆ ಹೇಳಿದ್ದು ಆವತ್ತೇ. ತಿಂದಷ್ಟೂ ಹಸಿಯುವ ಇಲಿ. ಹೊಟ್ಟೆಬಾಕ ಅಂದುಕೊಳ್ಳಬಹುದಿತ್ತು. ಅಲ್ಲಿನ ವಿಜ್ಞಾನಿ ಡಗ್ಲಸ್ ಕೋಲ್ಮನ್ ಅಂಥ ಇಲಿಯನ್ನೂ ಮಾಮೂಲಿ ಇಲಿಯನ್ನೂ ಸೇರಿಸಿ ಹೊಲಿದು ರಕ್ತ ಒಂದಾಗುವಂತೆ ಮಾಡಿದರು, ದಪ್ಪ ಇಲಿ ತಿನ್ನುವುದು ಕಡಿಮೆಯಾಯಿತು. ಅದರ ರಕ್ತದಲ್ಲಿ ಏನೋ ಇರಲಿಲ್ಲ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಆ ಜೀನ್ ಹಿಡಿಯಿತು, ಅದರಿಂದ ಬರುವ, ಹಸಿವು ತಗ್ಗಿಸುವ ಹಾರ್ಮೋನಿಗೆ ಲೆಪ್ಟಿನ್ ಎಂದು ಹೆಸರಾಯಿತು. ದಪ್ಪಗಿರುವ ಮನುಷ್ಯರಲ್ಲಿ ಬಹುಪಾಲು ಜನಕ್ಕೆ ಲೆಪ್ಟಿನ್ ಹೆಚ್ಚೇ ಇರುತ್ತೆ, ಹಾಗಾಗಿ ಇಲಿಯ ಕಥೆ ನಮ್ಮಮ್ಮನ ಕಥೆಯಲ್ಲ. ಆದರೂ ಆ ಇಲಿಯ ತಪ್ಪು ಏನಿತ್ತು ಹೇಳಿ?

ಪ್ರಾಜೆಕ್ಟ್ ಮುಗಿಯುವಾಗ ಈ ಇಲಿಗಳಾವುವೂ ಇರುವುದಿಲ್ಲ, ಲಿವರ್ ತೆಗೆದು ನೋಡಲೇಬೇಕು. ಹಳದಿ ಗೆರೆಯದನ್ನು ಪಂಜರಕ್ಕೆ ಬಿಟ್ಟು, ಅದರ ಮುಂದೆ ಸ್ವಲ್ಪ ಹೊತ್ತು ಕೂತಿದ್ದೆ.

ಮರುದಿನ ಬೆಳಿಗ್ಗೆ ಅಮ್ಮ ಬೆರಳು ಚುಚ್ಚಿಕೊಂಡಳು. 157. ನಾನು ಕೇಳುವ ಮೊದಲೇ, "ರಾತ್ರಿ ಏನೂ ತಿಂದಿಲ್ಲ ಕಣೇ" ಅಂದಳು.

"ಗೊತ್ತಮ್ಮ" ಅಂದೆ. ಅವಳ ನೋಟ್‌ಬುಕ್ ತೆಗೆದುಕೊಂಡು 157 ಬರೆದು, ಮೆಟ್‌ಫಾರ್ಮಿನ್ ಮಾತ್ರೆ ಕೆಲಸ ಮಾಡುವುದು ಮುಖ್ಯವಾಗಿ ಲಿವರ್ ಮೇಲೆ ಎಂದು ಹೇಳಲು ಶುರು ಮಾಡಿದೆ. ಅವಳು ರೊಟ್ಟಿ ತಟ್ಟುವುದು ಬಿಟ್ಟು ಬಂದು ಪಕ್ಕದಲ್ಲಿ ಕೂತಳು.